ನಿಂಬಲ್ ಅಂದರೆ ಅತ್ತೆ

ಮಗಳ ಇಂಗ್ಲಿಷ್ ಪುಸ್ತಕದಲ್ಲಿ ‘ನಿಂಬಲ್’ ಅನ್ನುವ ಪದ ಕಂಡರೆ ನನಗೆ ಈಗಲೂ ಹಸಿ ಹೊಗೆಸೊಪ್ಪಿನ ವಾಸನೆ ಬರುತ್ತದೆ.

ಬೆಟ್ಟದಪುರದ ಹತ್ತಿರದ ನಮ್ಮ ಹೊಲದಲ್ಲಿ, ನಾನು ಶಾಲೆಗೆ ಹೋಗುತ್ತಿದ್ದಾಗ ಒಂದು ದಿನ, ಹೊಗೆಸೊಪ್ಪನ್ನು ಬಿಸಿಗೆ ಒಣಗಿಸುವ ಎತ್ತರದ ಮನೆಗೆ, ಬ್ಯಾರನ್ನಿಗೆ, ಸೊಪ್ಪು ತುಂಬುತ್ತಿದ್ದರು. ಸೊಪ್ಪು ಕಟ್ಟಿದ ಕಡ್ಡಿಗಳನ್ನು ಅಪ್ಪ ಕೆಳಗಿನಿಂದ ಎತ್ತಿ ಕೊಟ್ಟರೆ, ಅವರ ತಂಗಿ, ನನ್ನ ಅತ್ತೆ, ಅಡ್ಡತೊಲೆಗಳ ಮೇಲೆ ಕಾಲಿಟ್ಟು ಸೂರಿನವರೆಗೂ ಹತ್ತಿ ಜೋಡಿಸುತ್ತಿದ್ದಳು. ನಾನು ಬಾಗಿಲಲ್ಲಿ ಕೂತು ಪದಗಳ ಅರ್ಥ ಬಾಯಿಪಾಠ ಮಾಡುತ್ತಿದ್ದೆ.

“ನಿಂಬಲ್ ಅಂದ್ರೆ ಏನ್ ಮಗ?” ಅತ್ತೆ ಮೇಲಿನಿಂದ ಕೇಳಿದಳು.

“ಹಗುರಾಗಿ, ಚುರುಕಾಗಿ ಓಡಾಡೋದು.”

“ಅಂಗಾದ್ರೆ ನಾನೇ ಕಣ,” ಅಂತ ನಕ್ಕು, ಏನನ್ನೂ ಹಿಡಿಯದೆ ಇನ್ನೊಂದು ತೊಲೆಗೆ ದಾಟಿದಳು.

ಅಷ್ಟರಲ್ಲಿ ಅಜ್ಜಿ ಏದುಸಿರು ಬಿಡುತ್ತಾ ಬಂದಳು. “ಇಳಿಯೇ ಬೇಗ. ಎಣ್ಣು ನೋಡಕ್ಕೆ ನಾಳೆ ಬತ್ತೀವಿ ಅಂದೋರು ಇವತ್ತೇ ಬಂದ್ಬುಟ್ಟವ್ರೆ.”

ಸೀರೆ ಉಡಿಸುವಾಗ ಅಜ್ಜಿ ಹೇಳಿಕೊಟ್ಟಿದ್ದು ಒಂದೇ. “ಮೆಲ್ಲಗೆ ನಡಿ. ದಡದಡ ಅನ್ಬ್ಯಾಡ.”

ಅತ್ತೆ ಕಾಫಿ ತಟ್ಟೆ ಹಿಡಿದು ನಡುಮನೆಗೆ ಬಂದಳು. ಎಷ್ಟು ಉಜ್ಜಿದರೂ ಹೋಗದ ಸೊಪ್ಪಿನ ಕರಿ ಅಂಟು ಬೆರಳುಗಳಲ್ಲಿತ್ತು. ನೆಲಕ್ಕೆಲ್ಲಿ ನೋವಾಗುತ್ತದೋ ಅನ್ನುವಂತೆ ಅಡಿ ಇಡುತ್ತಿದ್ದಳು.

“ಎಣ್ಣು ಬಲು ನಿಧಾನಸ್ತೆ ಕಣವ್ವ,” ಅಂದರು ಗಂಡಿನ ತಾಯಿ. ಅಜ್ಜಿಯ ಮುಖ ಅರಳಿತು.

ಮುಂದಿನ ವರ್ಷ ಸೊಪ್ಪಿನ ಕಾಲಕ್ಕೆ ತವರಿಗೆ ಬಂದಾಗಲೂ ಅತ್ತೆ ಹಾಗೇ, ನೆಲಕ್ಕೆ ನೋವಾಗದಂತೆ, ನಡೆದು ಬಂದಳು.