ಬೆಳಗಿನ ಎತ್ತರ, ಸಂಜೆಯ ಎತ್ತರ

2022ರ ನವೆಂಬರ್ 17, ಗುರುವಾರ... ಸಂಜೆ 4 ಗಂಟೆ 50 ನಿಮಿಷ.

ವಿಜಯಪುರದ ಕಡೆಯ ಒಂದು ಮೈದಾನ. ಸರ್ಕಾರಿ ಗೋದಾಮುಗಳ ಮಹಿಳಾ ಕಾವಲು ಹುದ್ದೆಗೆ ದೈಹಿಕ ಅಳತೆ ನಡೆಯುತ್ತಿತ್ತು.

ಬೇಕಾದ ಎತ್ತರ 155 ಸೆಂಟಿಮೀಟರ್. ದಾನಮ್ಮ ಹಾದಿಮನಿ ಎಂಬ ಅಭ್ಯರ್ಥಿ ಬಂದು ಅಳತೆಗೋಲಿಗೆ ಬೆನ್ನು ಕೊಟ್ಟು ನಿಂತಳು... 154.1.

"ಫೇಲ್. ಮುಂದಿನವ್ರು ಬರ್ರಿ" ಎಂದರು ಅಳೆಯುತ್ತಿದ್ದ ದೈಹಿಕ ಶಿಕ್ಷಕ ಹುಣಶ್ಯಾಳ ಮಾಸ್ತರ್.

ಅವಳು ಕದಲಲಿಲ್ಲ.

"ಸರ್, ಮುಂಜಾನಿ ಅಳತಿ ಮಾಡಿದ್ರ ನಾ ಪಾಸ್ ಆಗ್ತಿದ್ನಿರಿ. ಮನ್ಯಾಗ ಗ್ವಾಡಿ ಮ್ಯಾಲ ಗೆರಿ ಹಾಕಿ, ಟೇಪ್ ಹಿಡದ ನೋಡೀನಿ. ಮುಂಜಾನಿ ಗೆರಿ ಮ್ಯಾಲ ಬರ್ತೈತಿ, ಸಂಜಿ ಗೆರಿ ತೆಳಗ..."

"ಅಂದ್ರ ಸಂಜಿಮಟ ಕರಗ್ತೀಯೇನವಾ? ಬೆಲ್ಲದಾಕಿ ಏನ ನೀ?"

ಮಾಸ್ತರ್ ನಕ್ಕರು, ಸಾಲಿನಲ್ಲಿದ್ದವರೆಲ್ಲ ನಕ್ಕರು.

ಆರು ವರ್ಷದಿಂದ ಅದೇ ಇಲಾಖೆಯ ಗೋದಾಮನ್ನು ಅವಳು ಹೊರಗುತ್ತಿಗೆಯಲ್ಲಿ ಕಾಯುತ್ತಿದ್ದಳು. ಆಗ ಯಾರೂ ಎತ್ತರ ಕೇಳಿರಲಿಲ್ಲ. ಕಾಯಂ ಆಗಲು ವಯೋಮಿತಿಯ ಪ್ರಕಾರ ಇದೇ ಅವಳ ಕೊನೆಯ ಅವಕಾಶ...

ಪಕ್ಕದ ಮೇಜಿನಲ್ಲಿದ್ದ ನೇಮಕಾತಿ ಅಧಿಕಾರಿ ಮಾತ್ರ ನಗಲಿಲ್ಲ. ಆಕೆ ಓದಿದ್ದು ಭೌತಶಾಸ್ತ್ರ. ಆ ಮಾತು ತಲೆಯಲ್ಲಿ ಉಳಿದುಬಿಟ್ಟಿತು.

ಮರುದಿನ ಬೆಳಿಗ್ಗೆ ಆಕೆ ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ಬೆನ್ನು ಹಚ್ಚಿ ನಿಂತು ಗಂಡನ ಕೈಗೆ ಪೆನ್ಸಿಲ್ ಕೊಟ್ಟರು.

"ಈ ವಯಸ್ಸಿನ್ಯಾಗ ಇನ್ನೂ ಬೆಳೀಬೇಕಂತ ಮಾಡೀಯೇನ?" ಎಂದು ಗಂಡ ಕೇಳಿದರು.

ಏಳು ದಿನ... ದಿನಕ್ಕೆರಡು ಸಲ. ಬೆಳಿಗ್ಗೆ ಎಂಟೂವರೆಗೆ ಒಂದು ಗೆರೆ, ಸಂಜೆ ಐದಕ್ಕೆ ಇನ್ನೊಂದು.

ಏಳೂ ದಿನ ಸಂಜೆಯ ಗೆರೆಯೇ ಕೆಳಗೆ! ಸರಾಸರಿ ಆರು ಮಿಲಿಮೀಟರ್.

ವೈದ್ಯರನ್ನು ಕೇಳಿದಾಗ ಕಾರಣ ತಿಳಿಯಿತು. ಬೆನ್ನುಮೂಳೆಗಳ ನಡುವಿನ ಮೆತ್ತನೆಯ ಬಿಲ್ಲೆಗಳು ಹಗಲೆಲ್ಲ ಮೈಭಾರ ಹೊತ್ತು ಕುಗ್ಗುತ್ತವೆ, ಮಲಗಿದಾಗ ಮತ್ತೆ ಉಬ್ಬುತ್ತವೆ. ಎಲ್ಲರಿಗೂ ಹೀಗೆಯೇ...

ಆಕೆ ಕಡತ ಹಿಡಿದು ಆಯ್ಕೆ ಸಮಿತಿಯ ಅಧ್ಯಕ್ಷರ ಬಳಿ ಹೋದರು.

"ಮೇಡಂ, ನಿಯಮ ಎಲ್ಲರಿಗೂ ಒಂದೇ. ಮುದ್ರೆ ಹಾಕಿದ ಅಳತೆಗೋಲು ಇಟ್ಟೀವಿ. ಇನ್ನೇನ್ ಬೇಕು?"

"ಅಳತೆಗೋಲು ಒಂದೇ ಇತ್ತು ಸರ್... ಹೊತ್ತು ಒಂದೇ ಇರಲಿಲ್ಲ. ನಂಬರ್ ಪ್ರಕಾರ ಕರೆದ್ವಿ. ಮೊದಲಿನವರಿಗೆ ಬೆಳಿಗ್ಗೆ ಸಿಕ್ತು, ಕೊನೆಯವರಿಗೆ ಬಿಸಿಲಾಗ ದಿನವೆಲ್ಲಾ ನಿಂತ ಮೇಲೆ ಸಂಜೆ ಸಿಕ್ತು. ನಾಳೆ ಕೋರ್ಟ್ ಇದನ್ನೇ ಕೇಳಿದರೆ?"

ಅಧ್ಯಕ್ಷರು ಕನ್ನಡಕ ಸರಿಮಾಡಿಕೊಂಡು ಕಡತವನ್ನು ಮೊದಲಿನಿಂದ ಓದಿದರು. ಆಮೇಲೆ ಮರು ಅಳತೆಗೆ ಒಪ್ಪಿ ಸಹಿ ಹಾಕಿದರು.

ಮಧ್ಯಾಹ್ನದ ನಂತರ ಅಳೆಸಿಕೊಂಡು ಒಂದು ಸೆಂಟಿಮೀಟರಿಗಿಂತ ಕಡಿಮೆ ಅಂತರದಲ್ಲಿ ಫೇಲ್ ಆದವರು 23 ಮಂದಿ. ಅವರನ್ನೆಲ್ಲ ಬೆಳಿಗ್ಗೆ ಎಂಟೂವರೆಗೆ ಮತ್ತೆ ಕರೆಸಲಾಯಿತು.

ಒಬ್ಬೊಬ್ಬರೇ ನಿಂತರು. ಒಂಬತ್ತು ಮಂದಿ ಪಾಸಾದರು! ಒಬ್ಬಳಂತೂ ಅಳತೆಗೋಲನ್ನೇ ತಬ್ಬಿಕೊಂಡು ಅತ್ತಳು.

ಕೊನೆಗೆ ದಾನಮ್ಮ...

ಹುಣಶ್ಯಾಳ ಮಾಸ್ತರ್ ಬಗ್ಗಿ ನೋಡಿದರು. ಮತ್ತೊಮ್ಮೆ ನೋಡಿದರು. ಅಂದು ನಕ್ಕಿದ್ದ ಮನುಷ್ಯನ ಮುಖ ಸಣ್ಣದಾಯಿತು.

ಎರಡು ಮಿಲಿಮೀಟರ್ ಕಡಿಮೆ.

ಅವರು ಅಧಿಕಾರಿಯ ಕಿವಿಯ ಹತ್ತಿರ ಬಂದು, "ಮೇಡಂ... ಇದೆಲ್ಲಾ ಆಗಿದ್ದ ಈಕಿಯಿಂದ. ಎರಡ ಮಿಲಿಮೀಟರ್ ಅಷ್ಟ. 155 ಅಂತ ಬರದ ಬಿಡೂಣೇನ್ರಿ?" ಎಂದರು.

ಅಧಿಕಾರಿಯ ಪೆನ್ನು ಕಾಗದದ ಮೇಲೆ ನಿಂತೇ ಇತ್ತು.

ದಾನಮ್ಮನಿಗೆ ಕೇಳಿಸಿತ್ತು.

"ಬ್ಯಾಡ್ರಿ ಸರ್. ನನ್ನದೊಂದ ಸುಳ್ಳ ಬರದ್ರ ಆ ಒಂಬತ್ತು ಮಂದಿದೂ ಸುಳ್ಳ ಅಂತಾರ. ಅವ್ರ ನೌಕರಿ ಹೋಗ್ತೈತಿ..."

ಅಧಿಕಾರಿಯತ್ತ ತಿರುಗಿ ಕೇಳಿದಳು, "ಮೇಡಂ, ನಾ ಹೇಳಿದ್ದ ಖರೇ ಇತ್ತಲ್ರಿ? ಮನಿ ಟೇಪ್ ಅಷ್ಟ ತಪ್ಪಿತ್ತು."

"ಖರೇ ಇತ್ತಮ್ಮ" ಎಂದರು ಅಧಿಕಾರಿ... ಕಣ್ಣು ತುಂಬಿತ್ತು.

ಅವಳು ಚಪ್ಪಲಿ ಮೆಟ್ಟಿಕೊಂಡು, ಪಾಸಾದ ಹುಡುಗಿಯರ ಬೆನ್ನು ತಟ್ಟಿ ಹೊರಟಳು. ಹತ್ತು ಗಂಟೆಗೆ ಗೋದಾಮಿನಲ್ಲಿ ಅವಳ ಪಾಳಿ ಇತ್ತು.

ನಗುವ ಮೊದಲು ಒಮ್ಮೆ ಅಳೆದು ನೋಡುವುದೂ ನ್ಯಾಯದ ಒಂದು ಭಾಗ.

ನಮ್ಮೆದುರು ನಿಂತು ಪ್ರಶ್ನೆ ಕೇಳಿದ ಎಷ್ಟು ಜನರನ್ನು ನಾವು ನಕ್ಕು ಕಳಿಸಿದ್ದೇವೆ... ಒಮ್ಮೆ ನೆನಪಿಸಿಕೊಳ್ಳುವಿರಾ?

ಅಂದು ಬೆಳಿಗ್ಗೆ ಅಧಿಕಾರಿ ಆ ಹಾಳೆಯಲ್ಲಿ ಬರೆದ ಕೊನೆಯ ಸಾಲು: ದಾನಮ್ಮ ಹಾದಿಮನಿ, ಎತ್ತರ 154.8 ಸೆಂಟಿಮೀಟರ್.