ಬಹುವಚನ ಕಚೇರಿಗೆ ಬಂದ ಕುರಿ

ಬಹುವಚನ ಕಚೇರಿಯಲ್ಲಿ ಇಂದುಮತಿಯ ಕೆಲಸ ಇಷ್ಟೇ: ಜನ ತಂದ ವಸ್ತುವಿನ ಇಂಗ್ಲಿಷ್ ಬಹುವಚನವನ್ನು ಮೆಲ್ಲಗೆ ಉಚ್ಚರಿಸುವುದು. ‘ಬಾಕ್ಸಸ್’ ಎಂದರೆ ಪೆಟ್ಟಿಗೆ ಎರಡಾಗುತ್ತಿತ್ತು, ‘ನೈವ್ಸ್’ ಎಂದರೆ ಚಾಕು.

ಅಂದು ಮಾಳಿಂಗಪ್ಪ ಕುರಿಯೊಂದನ್ನು ಎಳೆದು ತಂದ. “ಜೋಡಿ ಸತ್ತಾಗಿಂದ ಮೇವು ಮುಟ್ಟಿಲ್ರಿ. ಇನ್ನೊಂದು ಮಾಡಿಕೊಡ್ರಿ ಅಕ್ಕಾರ.”

“ಶೀಪ್,” ಎಂದಳು. ಒಂದಕ್ಕೂ ಹತ್ತಕ್ಕೂ ಅದೇ ಪದವಾದ್ದರಿಂದ ಕುರಿ ಒಂದೇ ಉಳಿಯಿತು.

ಅದರ ಎದ್ದ ಪಕ್ಕೆಲುಬು ನೋಡಲಾಗದೆ ಇಂದುಮತಿ ತಲೆತಗ್ಗಿಸಿ, ಒಳಕೋಣೆಯಲ್ಲಿದ್ದ ಸಾಹೇಬರಿಗೆ ಕೇಳಿಸದಂತೆ, ತಪ್ಪೆಂದು ಗೊತ್ತಿದ್ದೂ “ಶೀಪ್ಸ್” ಎಂದುಬಿಟ್ಟಳು.

ಎರಡನೇ ಕುರಿ ಬಂತು, ಎರಡು ಬಾಲ ಹೊತ್ತು.

“ಬಾಲ ಒಂದು ಹೆಚ್ಚಾತು,” ಎಂದು ತಡವರಿಸಿದಳು.

ಹಳೆಯ ಕುರಿ ಹೊಸದನ್ನು ಮೂಸಿತು, ಮೈಗೆ ಮೈ ಒರಗಿಸಿತು, ಆಮೇಲೆ ಮೇಜಿನ ಮೇಲಿದ್ದ ಅರ್ಜಿಗಳನ್ನು ಮೇಯತೊಡಗಿತು.

“ಇರ್ಲಿ ಬಿಡ್ರಿ,” ಎಂದು ಮಾಳಿಂಗಪ್ಪ ಕಣ್ಣೊರೆಸಿಕೊಂಡ. “ಅದಕ್ಕೆಲ್ಲಿ ಎಣಿಸಾಕ ಬರತೈತಿ.”