ಹೆಸರೆತ್ತದ ಊರು

"ರಷ್ಯನ್ನರಿಗೂ ಜೆಕ್ಕರಿಗೂ ನಿಮಗೂ ಕರಡಿ ಅಂದ್ರೆ ಹೆಚ್ಚುಕಡಿಮೆ 'ಮೆದ್ವೆದ್' ತಾನೇ, ಅಜ್ಜಿ? ಜೇನು ತಿನ್ನೋನು ಅಂತ ಅರ್ಥ. ಅದು ಅಡ್ಡಹೆಸರು. ನಿಜವಾದ ಹೆಸರೇನು?"

ಆ ಒಂದು ಪದದ ಬೆನ್ನು ಹತ್ತಿಯೇ ಸುನೀತಿ ಗಂಡನೊಡನೆ ಸ್ಲೊವಾಕಿಯಾದ ಈ ಕಾಡಂಚಿನ ಹಳ್ಳಿಗೆ ಬಂದಿದ್ದಳು.

ಮಾರ್ಗಿತಾ ಅಜ್ಜಿ ಒಲೆಗೆ ಸೌದೆ ತಳ್ಳಿದಳು. "ಗೊತ್ತಿದ್ದವರೆಲ್ಲ ಬಾಯಿ ಮುಚ್ಚಿಕೊಂಡೇ ಸತ್ತರು, ಮಗಳೇ. ಹೆಸರು ಹಿಡಿದು ಕರೆದರೆ ಬಂದುಬಿಡ್ತಾನೆ."

"ನಮ್ಮೂರಲ್ಲೂ ಕತ್ತಲಾದ ಮೇಲೆ ಹಾವನ್ನ ಹುಳ ಅಂತೀವಿ," ಸುನೀತಿ ನಕ್ಕಳು.

"ನಾವು ಅವನು ಕೊಂದವರ ಹೆಸರನ್ನೂ ಎತ್ತೋದಿಲ್ಲ. ಮಣ್ಣು ಮಾಡುವ ತನಕ ನನ್ನ ಗಂಡನನ್ನೇ 'ಎಡಗೈಯವನು' ಅಂದೆ. ಹೆಸರು ಕಿವಿಗೆ ಬಿದ್ದರೆ, ಉಳಿದದ್ದನ್ನೂ ಒಯ್ಯೋಕೆ ಬರ್ತಾನೆ."

ಸುನೀತಿಯ ನಗು ಅಲ್ಲೇ ನಿಂತಿತು. ಕೆಂಪು ಟೋಪಿ ಹಾಕಿಕೊಂಡು, ಹಳ್ಳಿಯವರ ಜೊತೆ ಅಣಬೆ ಆಯಲು ಬೆಳಿಗ್ಗೆ ಹೊರಟ ಯದುನಾಥ ಮಧ್ಯಾಹ್ನ ಕಳೆದರೂ ಮರಳಿರಲಿಲ್ಲ.

"ಹೆದರಬೇಡ. ನಿನ್ನ ಯದು ಹುಷಾರಿ ಹುಡುಗ. ಬುಟ್ಟಿ ತುಂಬದೆ ಯದು ಬರೋನಲ್ಲ. ನೋಡು, ಯದುಗೆ ಅಂತಲೇ ಸೂಪು ಇಟ್ಟಿದೀನಿ." ಆ ಹೆಸರು ಹೇಳುವುದೆಂದರೆ ಬೆಳಗಿನಿಂದಲೂ ಅಜ್ಜಿಗೆ ಅದೇನೋ ಖುಷಿ.

ಅಂಗಳದಲ್ಲಿ ನಾಯಿ ಬೊಗಳಿತು. ಹಲವರ ಹೆಜ್ಜೆಗಳು ನಿಧಾನವಾಗಿ ಹತ್ತಿರವಾದವು. ಸುನೀತಿಗಿಂತ ಮೊದಲೇ ಕಿಟಕಿ ಸೇರಿದ ಅಜ್ಜಿ ಪರದೆ ಸರಿಸಿ ನೋಡಿದಳು. ನೋಡಿದವಳೇ ಮತ್ತೆ ಮುಚ್ಚಿದಳು.

"ಯಾರಜ್ಜಿ? ಯದು ಬಂದನಾ?"

ಅಜ್ಜಿ ಅವಳ ಬಾಯಿಯ ಮೇಲೆ ಮೆಲ್ಲಗೆ ಕೈಯಿಟ್ಟಳು.

"ಕೆಂಪು ಟೋಪಿಯವನು ಬಂದಿದ್ದಾನೆ, ಮಗಳೇ."